ತಂಪಾದ ಸ್ಥಳದಲ್ಲಿ ಇಡಿ

ಪಡುಬಿದ್ರಿ ಬಳಿಯ ನಮ್ಮ ಕಾರ್ಖಾನೆಯಲ್ಲಿ ಬಯೋಡೀಸೆಲ್ ತಯಾರಾಗುತ್ತದೆ. ತಾಳೆ ಎಣ್ಣೆಯನ್ನು ಶುದ್ಧೀಕರಿಸುವಾಗ ಬೇರ್ಪಡುವ ಜಿಡ್ಡೇ ಅದರ ಕಚ್ಚಾವಸ್ತು. ಆ ಡೀಸೆಲ್ ಮಾರುವುದು ನನ್ನ ಕೆಲಸ. ಆರು ತಿಂಗಳಲ್ಲಿ ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ಕೊನೆಗೆ ಮಲ್ಪೆಯ ಐಸ್ ಪ್ಲಾಂಟ್ ಮಾಲೀಕ ಜಾರ್ಜ್ ತಮ್ಮ ಜನರೇಟರಿಗೆ ಹಾಕಿ ನೋಡಲು ಒಪ್ಪಿದರು.

“ಇದೂ ಹೋದರೆ ನೀವು ವಾಪಸು ಲ್ಯಾಬಿಗೆ, ಪ್ರವೀಣ್,” ಎಂದರು ನಮ್ಮ ಮ್ಯಾನೇಜರ್ ಪ್ಯಾಟ್ರಿಶಿಯಾ. “ಅಲ್ಲಿ ಬಾಟಲಿ ತೊಳೆಯಲಿಕ್ಕೆ ಜನ ಇಲ್ಲ.”

ತಯಾರಿಯಲ್ಲಿ ನಾನು ಕೊರತೆ ಮಾಡಲಿಲ್ಲ. ನಮ್ಮ ಇಂಧನ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತದೆ. ಉಡುಪಿಯ ಹತ್ತು ವರ್ಷಗಳ ತಾಪಮಾನ ತೆಗೆದು ನೋಡಿದೆ. ನನಗೆ ಸಿಕ್ಕ ಅಂಕಿಗಳಲ್ಲಿ ಒಂದೂ ಅಷ್ಟು ಕೆಳಗಿರಲಿಲ್ಲ. ‘ಕರಾವಳಿಯಲ್ಲಿ ಹೆಪ್ಪುಗಟ್ಟುವ ಮಾತೇ ಇಲ್ಲ’ ಎಂದು ಕರಪತ್ರ ಅಚ್ಚು ಹಾಕಿಸಿದೆ. ಕ್ಯಾನುಗಳಿಗೆ ಚೀಟಿ ಅಂಟಿಸಿದೆ: ‘ತಂಪಾದ ಸ್ಥಳದಲ್ಲಿ ಇಡಿ.’ ಕಾಗುಣಿತವನ್ನು ಮೂರು ಸಲ ಪರೀಕ್ಷಿಸಿದೆ.

ಸೋಮವಾರ ಸಂಜೆ ಎರಡು ಕ್ಯಾನು ಕೊಟ್ಟು ಬಂದೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಅವು ಜನರೇಟರ್ ಶೆಡ್ಡಿನಲ್ಲಿರಲಿಲ್ಲ. ಪ್ಲಾಂಟಿನ ಕೆಲಸಗಾರ, ಬಾಗಲಕೋಟೆ ಕಡೆಯ ಹೂವಪ್ಪ, ಅವನ್ನು ಐಸ್ ಕೋಣೆಯಿಂದ ಹೊತ್ತು ತಂದ.

ಜಾರ್ಜ್ ಮುಚ್ಚಳ ತೆಗೆದು ಕ್ಯಾನನ್ನು ಬೋರಲು ಹಿಡಿದರು. ಒಂದು ಹನಿಯೂ ಬೀಳಲಿಲ್ಲ.

“ಇದೆಂತ ಮಾರಾಯ, ತುಪ್ಪವಾ? ದೋಸೆಗೆ ಹಾಕಬಹುದಾ?”

“ಅಲ್ಲಿ ಯಾಕೆ ಇಟ್ಟಿದ್ದು?” ಎಂದು ಹೂವಪ್ಪನನ್ನು ಕೇಳಿದೆ.

“ನೀವ ಬರದೀರಲ್ರೀ, ತಂಪ ಜಾಗಾದಾಗ ಇಡ್ರಿ ಅಂತ. ಮಲ್ಪ್ಯಾಗ ಅದಕ್ಕಿಂತ ತಂಪ ಜಾಗಾ ಎಲ್ಲೈತ್ರಿ?”

ಹತ್ತು ವರ್ಷಗಳ ಅಂಕಿಗಳಲ್ಲಿ ಆ ಕೋಣೆ ಸೇರಿರಲಿಲ್ಲ.

“ಬಿಸಿಲಿಗಿಟ್ಟರೆ ಕರಗುತ್ತದೆ,” ಎಂದೆ.

“ಎಷ್ಟು ಹೊತ್ತು ಬೇಕು?”

ಆ ಒಂದು ಅಂಕಿ ನನ್ನ ಬಳಿ ಇರಲಿಲ್ಲ. ಅಂಗಳದಲ್ಲಿ ಒಣಹಾಕಿದ್ದ ಮೀನಿನ ಪಕ್ಕ ಕ್ಯಾನುಗಳನ್ನಿಟ್ಟು ಕುಳಿತೆ. ಟೈ ಕಟ್ಟಿಕೊಂಡು ಕಾಗೆ ಓಡಿಸುವವನನ್ನು ನೋಡಲು ಬಲೆ ಹೆಣೆಯುವವರು ಕೆಲಸ ನಿಲ್ಲಿಸಿದರು. ಹನ್ನೆರಡೂ ಇಪ್ಪತ್ತಕ್ಕೆ ಎಣ್ಣೆ ತಿಳಿಯಾಯಿತು. ಜನರೇಟರ್ ಎರಡನೇ ಪ್ರಯತ್ನಕ್ಕೆ ಚಾಲೂ ಆಯಿತು. ಎರಡು ಗಂಟೆ ಓಡಿತು.

“ಒಂದು ತಿಂಗಳು ನೋಡುವ,” ಎಂದರು ಜಾರ್ಜ್. “ಮೊದಲು ಆ ಚೀಟಿ ತೆಗಿ.”

ಹೊಸ ಚೀಟಿಯಲ್ಲಿ ‘ಇಪ್ಪತ್ತು ಡಿಗ್ರಿಗಿಂತ ಕಡಿಮೆ ಇರುವಲ್ಲಿ…’ ಎಂದು ಬರೆಯತೊಡಗಿದೆ.

“ಡಿಗ್ರಿ ಎಲ್ಲಿ ನೋಡ್ಬೇಕ್ರಿ?” ಎಂದ ಹೂವಪ್ಪ.

ಪೆನ್ನನ್ನು ಅವನಿಗೇ ಕೊಟ್ಟೆ. ಅವನು ಬರೆದ: ‘ಐಸ ಕ್ವಾಣ್ಯಾಗ ಇಡಬ್ಯಾಡ್ರಿ.’

ಕಾಗುಣಿತ ನಾನು ತಿದ್ದಲಿಲ್ಲ.