ಹನ್ನೊಂದು ಗಂಟೆಯ ನಿದ್ದೆ

ಶಿಶುಪಾಲನಾ ಕೇಂದ್ರದ ಲೈಸೆನ್ಸಿಗೆ ಗಾಜಿನ ಚೌಕಟ್ಟು ಹಾಕಿಸಿ, ಮಾದಪ್ಪನ ಪಟದ ಪಕ್ಕಕ್ಕೇ ನೇತುಹಾಕಿದ್ದರು. ಸುಧಾಮಣಿ ಅದನ್ನು ಮೂರು ಸಲ ಓದಿದಳು. ಮೊಹರಿತ್ತು, ಸಹಿಯಿತ್ತು, ಅವಧಿ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಆದರೂ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅವಳು ಚಾಮರಾಜನಗರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿರಬೇಕು. ಕೂಸನ್ನು ಬಿಡಲು ಜಾಗ ಸಿಗದೆ ಎರಡು ಸಲ ಕೆಲಸಕ್ಕೆ ಸೇರುವ ದಿನ ಮುಂದೂಡಿಸಿಕೊಂಡಾಗಿತ್ತು. ಮೂರನೇ ಸಲ ಕೇಳಿದರೆ ಆ ಮಿಷನ್ನಿಗೆ ಬೇರೆಯವಳು ಬರುತ್ತಾಳೆಂದು ಸೂಪರ್‌ವೈಸರ್ ಸೋಮೇಶ್ ಫೋನಿನಲ್ಲೇ ಹೇಳಿಬಿಟ್ಟಿದ್ದ. ಗಂಡ ಶಿವಮಲ್ಲು ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುವವನು. ಮನೆಗೆ ಬಂದರೆ ನೆಟ್ಟಗೆ ಚಾಪೆಗೆ ಬಿದ್ದು ನಿದ್ದೆ ಹೋಗುವವನು. ಅವ್ವ ಪುಟ್ಟಸಿದ್ದಮ್ಮ ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಆಯುವವಳು. ಒಂದು ದಿನದ ಕೂಲಿ ಬಿಟ್ಟು, ಬೆಳಗಿನ ಬಸ್ಸು ಹತ್ತಿ, ಮಗಳ ಜೊತೆ ಜಾಗ ನೋಡಲೆಂದೇ ಬಂದಿದ್ದಳು. ಒಂದೂವರೆ ವರ್ಷದ ಕೂಸು ಅಜ್ಜಿಯ ಸೊಂಟದ ಮೇಲೆ ಕೂತು ಅವಳ ಮೂಗುತಿ ಕೀಳಲು ನೋಡುತ್ತಿತ್ತು.

ಇದಕ್ಕೆ ಮೊದಲು ಊರಲ್ಲಿ ಎರಡು ಶಿಶುಪಾಲನಾ ಕೇಂದ್ರ ನೋಡಿಯಾಗಿತ್ತು. ಒಂದರಲ್ಲಿ ನೀರಿನ ಸಂಪಿಗೆ ಮುಚ್ಚಳವಿರಲಿಲ್ಲ. ಇನ್ನೊಂದರಲ್ಲಿ ತಾಯಂದಿರು ಗೇಟಿನಿಂದಾಚೆಯೇ ಇರಬೇಕೆಂದು ಒಳಗೇ ಬಿಟ್ಟಿರಲಿಲ್ಲ. ಇಲ್ಲಿ ಹಾಗಲ್ಲ. ನಡೆಸುವವಳು ಶಶಿರೇಖಾ ಮೇಡಂ ತಾನೇ ಗೇಟು ತೆರೆದು, ನಗುತ್ತಾ ಒಳಗೆ ಕರೆದಿದ್ದಳು.

"ಎಷ್ಟ್ ಮಕ್ಳವ್ರೆ ಮೇಡಂ?" ಎಂದು ಸುಧಾಮಣಿ ಕೇಳಿದಳು.

"ಇಪ್ಪತ್ತು. ಇಬ್ಬರು ಆಯಾ ಇದ್ದಾರೆ."

"ಜ್ವರ ಗಿರ ಬಂದ್ರೆ?"

"ಡಾಕ್ಟರ್ ಎರಡೇ ಬೀದಿ ಆಚೆ."

"ಬೇರೆ ಯಾರಾದ್ರೂ ಬಂದು ಕೂಸ್ನ ಕೇಳಿದ್ರೆ?"

"ನೀವು ಬರೆದುಕೊಟ್ಟ ಹೆಸರಿನವರಿಗೆ ಮಾತ್ರ ಕೊಡೋದು. ಹೆಸರಿಲ್ಲ ಅಂದ್ರೆ ಅಪ್ಪ ಬಂದ್ರೂ ಕೊಡಲ್ಲ."

"ಅಪ್ಪ ಬಂದ್ರ ತಾನೆ," ಎಂದು ಪುಟ್ಟಸಿದ್ದಮ್ಮ ಗೊಣಗಿದಳು.

ಎಲ್ಲದಕ್ಕೂ ಉತ್ತರವಿತ್ತು. ಕಕ್ಕಸು ತೊಳೆದಿತ್ತು, ಪ್ಲಗ್ಗುಗಳಿಗೆ ಮುಚ್ಚಳವಿತ್ತು, ಮೂಲೆಯಲ್ಲಿ ಕ್ಯಾಮೆರಾ ಮಿಣುಕುತ್ತಿತ್ತು. ಇಷ್ಟೆಲ್ಲ ಇದ್ದೂ ಏನು ಕಾಡುತ್ತಿದೆಯೆಂದು ಸುಧಾಮಣಿಗೆ ತಿಳಿದದ್ದು ದೊಡ್ಡ ಕೋಣೆಯ ಬಾಗಿಲಿಗೆ ಬಂದಾಗ. ಚಾಪೆಯ ಮೇಲೆ ಸಾಲಾಗಿ ಮಕ್ಕಳು ಮಲಗಿದ್ದವು. ಎಲ್ಲವೂ. ಗೋಡೆಯ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದು.

ಹನ್ನೊಂದು ಗಂಟೆಯೆಂದರೆ ಮಕ್ಕಳು ಮನೆಯನ್ನು ಕಿಷ್ಕಿಂಧೆ ಮಾಡುವ ಹೊತ್ತು. ಅವಳ ಕೂಸಂತೂ ಆಗ ಪಾತ್ರೆಯೆಲ್ಲ ಎಳೆದು ಬಡಿಯುತ್ತಿರುತ್ತದೆ.

"ಎಲ್ಲ ಒಟ್ಗೇ ಮನಗವಲ್ಲ?"

"ನಮ್ಮಲ್ಲಿ ಡಿಸಿಪ್ಲಿನ್ ಇದೆ. ಬರೋ ವಾರ ನಿಮ್ಮದೂ ಕಲಿಯುತ್ತೆ," ಎಂದಳು ಶಶಿರೇಖಾ.

ಸುಧಾಮಣಿ ತಲೆಗಳನ್ನು ಎಣಿಸಿದಳು. ಮೂವತ್ತೊಂದು. ಅಷ್ಟರಲ್ಲಿ ಅಜ್ಜಿಯ ಸೊಂಟದಿಂದ ಜಾರಿದ ಕೂಸು, ಹತ್ತಿರ ಮಲಗಿದ್ದ ಹುಡುಗನೊಬ್ಬನ ಬಳಿ ಕುಕ್ಕರಿಸಿ ಅವನ ಕಿವಿ ಎಳೆಯಿತು. ಅವನು ಮಿಸುಕಲಿಲ್ಲ. ಇನ್ನೊಂದಿಷ್ಟು ಎಳೆಯಿತು. ಪುಟ್ಟಸಿದ್ದಮ್ಮ ಬಗ್ಗಿ ಆ ಹುಡುಗನ ಕೈ ಎತ್ತಿ ಬಿಟ್ಟಳು. ಕೈ ಒದ್ದೆ ಬಟ್ಟೆಯಂತೆ ಚಾಪೆಗೆ ಬಿತ್ತು. ಅವಳು ನೀರು ಕುಡಿಯುವ ನೆವದಲ್ಲಿ ಅಡಿಗೆಮನೆಗೆ ಹೋದಳು. ಸುಧಾಮಣಿಯೂ ಕೂಸನ್ನೆತ್ತಿಕೊಂಡು ಹಿಂದೆಯೇ ನಡೆದಳು.

ಅಲ್ಲಿ ಆಯಾ ಚಿಕ್ಕಬಸಮ್ಮ ಒಬ್ಬಳೇ ಲೋಟಗಳನ್ನು ತೊಳೆಯುತ್ತಿದ್ದಳು. ಪುಟ್ಟಸಿದ್ದಮ್ಮ ಮಿಕ್ಸಿ ಜಾರನ್ನು ಮೂಗಿನ ಹತ್ತಿರ ಹಿಡಿದಳು.

"ಏನವ್ವ, ಇವತ್ತು ಪಾಯ್ಸನಾ?"

"ಇಲ್ಲ ಕಣಕ್ಕ. ಹಾಲ್ಗ ಒಸಿ ಗಸಗಸೆ ಅರ್ದು ಹಾಕದು, ದಿನಾ. ನಮ್ಮವ್ವನೂ ಕೊಡವ್ಳು." ಚಿಕ್ಕಬಸಮ್ಮ ತಲೆಯೆತ್ತಲಿಲ್ಲ. "ಇನ್ನೊಬ್ಳು ಕೆಲ್ಸ ಬುಟ್ಟು ತಿಂಗ್ಳಾಯ್ತು. ಮೂವತ್ತೊಂದು ಮಕ್ಳ ನಾ ಒಬ್ಳೇ ಎಂಗಕ್ಕ ನೋಡ್ಕಳದು? ಒಂದು ಓಡದು, ಒಂದು ಬೀಳದು, ಇನ್ನೊಂದು ಉಚ್ಚ ಹುಯ್ಕಳದು."

ಸುಧಾಮಣಿ ದೊಡ್ಡ ಕೋಣೆಯ ಕಡೆ ಹೊರಟಳು. ಬಾಗಿಲಲ್ಲಿ ಶಶಿರೇಖಾ ನಿಂತಿದ್ದಳು.

"ನಿದ್ದೆ ಬರ್ಲಿ ಅಂತ ಮಕ್ಳಿಗೆ ಮದ್ದಾಕ್ತೀರಾ ಮೇಡಂ?"

"ಮದ್ದಲ್ಲ ಕಣಮ್ಮ, ಗಸಗಸೆ. ಅಂಗಡೀಲಿ ಸಿಗುತ್ತೆ, ಮದುವೆ ಮನೇಲಿ ಕುಡೀತೀರಿ. ಹಿಂದಿನ ಕಾಲದವರು ಹೀಗೇ ಮಕ್ಕಳನ್ನ ಸಾಕಿದ್ದು. ನಿಮ್ಮಮ್ಮ ಕೊಟ್ಟಿಲ್ವಾ? ಕೇಳಿ, ಇಲ್ಲೇ ಇದ್ದಾರಲ್ಲ."

ಸುಧಾಮಣಿ ತಿರುಗಿ ನೋಡಿದಳು. ಅವ್ವ ಕೈಯಲ್ಲಿದ್ದ ಜಾರನ್ನು ಕೆಳಗಿಟ್ಟಳು.

"ಕೊಟ್ಟಿದ್ದೆ ಕಣಮ್ಮಿ. ಕೂಸ ಎತ್ಕಂಡು ಬಂದ ಆಳ್ನ ದಣಿ ವಾಪಸ್ ಕಳಿಸ್ಬುಡನು. ನಿನ್ನ ಮನಗ್ಸಿ ನಾಟಿಗ ಓಗ್ತಿದ್ದೆ. ಒಂದಿವ್ಸ ವತ್ತು ಮುಳುಗಿದ್ರೂ ನೀ ಏಳ್ನಿಲ್ಲ. ಕೆನ್ನಗ ಒಡ್ದೆ, ನೀರ್ ಉಯ್ದೆ. ಅವತ್ತೇ ಆ ಗಸಗಸೆ ಡಬ್ಬಿಯ ತಕ್ಕೋಗಿ ಕೆರಗ ಎಸ್ದುಬುಟ್ಟೆ." ಅವಳು ಶಶಿರೇಖಾಳ ಕಡೆಗೆ ತಿರುಗಿದಳು. "ನಂಗ ಗತಿ ಇರ್ನಿಲ್ಲ, ಬುದ್ದಿನೂ ಇರ್ನಿಲ್ಲ. ಗೋಡ ಮ್ಯಾಲ ಸರ್ಕಾರದ ಕಾಗ್ದ ತಗಲಾಕಂಡಿರ ನಿಂಗ ಏನವ್ವ ಬಂದಿರದು?"

"ಬೇಡ ಅಂದ್ರೆ ಹೋಗಿ. ಸೀಟಿಗೆ ಜನ ಕಾಯ್ತಿದ್ದಾರೆ," ಎಂದು ಶಶಿರೇಖಾ ಗೇಟಿನ ಕಡೆ ಕೈ ತೋರಿಸಿದಳು.

ಹೋಗಬಹುದಿತ್ತು. ಆದರೆ ಗೇಟಿನ ಬಳಿ ಸ್ಕೂಟಿ ನಿಂತಿತು. ಮಗನ ಕೆಮ್ಮಿನ ಸಿರಪ್ಪಿನ ಬಾಟಲಿ ಕೊಟ್ಟುಹೋಗಲು ಮರೆತಿದ್ದ ಕಾವ್ಯಶ್ರೀ ಎಂಬ ತಾಯಿ ಬ್ಯಾಂಕಿನಿಂದ ಓಡಿ ಬಂದಿದ್ದಳು. ಸುಧಾಮಣಿ ಅವಳ ದಾರಿಗೆ ಅಡ್ಡ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಕಾವ್ಯಶ್ರೀಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಗಾಯಿತು. ಆ ಸಿಟ್ಟು ಹರಿದದ್ದು ಸುಧಾಮಣಿಯ ಮೇಲೆ.

"ಈಗ ಏನ್ ಮಾಡ್ಬೇಕು ಅಂತೀರಿ? ಇದನ್ನ ಮುಚ್ಚಿಸಿದ್ರೆ ನನ್ನ ಮಗನ್ನ ನೀವು ಬಂದು ನೋಡ್ಕೊಳ್ತೀರಾ? ಈ ಊರಲ್ಲಿ ಇರೋದೇ ಮೂರು. ನೀವ್ಯಾವ ಫ್ಯಾಕ್ಟರಿ? ಅಲ್ಲೇ ಮಕ್ಕಳ ಕೋಣೆ ಇರ್ಬೇಕು ಅಂತ ಕಾನೂನಿದೆ. ಅಲ್ಲಿ ಹೋಗಿ ಕೂಗಾಡಿ, ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಸುಧಾಮಣಿಯ ಹೊಟ್ಟೆಪಾಡೂ ಒಂದು ಹೊಲಿಗೆ ಮಿಷನ್ನಿನ ಮೇಲೆಯೇ ನಿಂತಿತ್ತು.

"ಒಂದ್ಸಲ ಎಬ್ಬಿಸ್ ನೋಡಿ. ಎದ್ರೆ ನಾನು ಬಾಯ್ ಮುಚ್ಕೊಂಡು ಓಯ್ತೀನಿ."

ಕಾವ್ಯಶ್ರೀಯ ಮಗ ಕಿವಿ ಎಳೆಸಿಕೊಂಡ ಹುಡುಗನೇ. ಅವಳು ಕೋಣೆಗೆ ಓಡಿ ಅವನನ್ನು ಕರೆದಳು, ಕಚಗುಳಿಯಿಟ್ಟಳು, ಎತ್ತಿ ಕೂರಿಸಿದಳು. ತಲೆ ಅವಳ ಭುಜಕ್ಕೆ ದೊಪ್ಪೆಂದು ಬಿತ್ತು. ರೆಪ್ಪೆ ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. "ಬೆಳಿಗ್ಗೆ ಮನೇಲಿ ಒಂದು ಡೋಸ್ ಸಿರಪ್ ಕೊಟ್ಟಿದ್ದೆ," ಎಂದಳು ಅವಳು, ಯಾರಿಗೂ ಅಲ್ಲದೆ. "ಅದೂ ನಿದ್ದೆ ಬರ್ಸೋದೇ. ಅಯ್ಯೋ, ಅದರ ಮೇಲೆ ಇದು."

"ಡಾಕ್ಟ್ರತ್ರ ನಡೀರಿ, ನಾ ಎತ್ಕೊಂಡು ಸ್ಕೂಟಿ ಇಂದ್ಗಡೆ ಕೂತ್ಕತೀನಿ," ಎಂದಳು ಸುಧಾಮಣಿ.

ಪುಟ್ಟಸಿದ್ದಮ್ಮ ಚಾಪೆಯ ತುದಿಯಲ್ಲಿ ಕಾಲು ಚಾಚಿ ಕೂತೇಬಿಟ್ಟಳು. ಮೊಮ್ಮಗಳು ಅವಳ ಬೆನ್ನು ಹತ್ತುತ್ತಿದ್ದಳು. "ಓಗ್ರವ್ವ ನೀವು. ಇವು ಒಂದೊಂದೂ ಕಣ್ ಬುಡಗಂಟ ನಾ ಇಲ್ಲಿಂದ ಏಳಾಕಿಲ್ಲ. ಬಾ ಚಿಕ್ಕಬಸಮ್ಮ, ಆ ಕಡಿಂದ ನೀ ಎಬ್ಸು." ಚಿಕ್ಕಬಸಮ್ಮ ಶಶಿರೇಖಾಳ ಮುಖ ನೋಡಿದಳು, ಕೈ ಒರೆಸಿಕೊಂಡು ಬಂದು ಆ ಕಡೆ ಕೂತಳು. ಶಶಿರೇಖಾ ಫೋನು ಹಿಡಿದು ಯಾರಿಗೋ ಕರೆ ಮಾಡುತ್ತಾ ಒಳಕೋಣೆಗೆ ಹೋದಳು.

ಡಾಕ್ಟರು ಹುಡುಗನ ಕಣ್ಣಿಗೆ ಬೆಳಕು ಬಿಟ್ಟು, ಉಸಿರು ಎಣಿಸಿ, ನರ್ಸಿನ ಕಣ್ಣೆದುರಿನ ಮಂಚದಲ್ಲಿ ಮಲಗಿಸಿದರು. "ಸಂಜೆವರೆಗೆ ಇಲ್ಲೇ ಇರ್ಲಿ. ಉಳಿದವನ್ನೂ ಕರ್ಕೊಂಡ್ ಬನ್ನಿ," ಎಂದರು. ಕಾವ್ಯಶ್ರೀ ಬೆಂಚಿನ ಮೇಲೆ ಕೂತು ಮಹಿಳಾ ಮತ್ತು ಮಕ್ಕಳ ಇಲಾಖೆಗೆ ದೂರು ಬರೆಯತೊಡಗಿದಳು. ಎರಡು ಹಾಳೆ ಹರಿದು ಎಸೆದಳು.

ಆಗಲೇ ಸುಧಾಮಣಿಗೆ ಸೋಮೇಶನ ಫೋನು ಬಂತು.

"ಏನಮ್ಮ, ಸೋಮವಾರ ಬರ್ತೀಯೋ, ಬೇರೆಯವಳನ್ನ ಹಾಕ್ಲೋ?"

"ಬತ್ತೀನಿ ಸಾರ್. ಕೂಸ್ನೂ ಎತ್ಕೊಂಡೇ ಬತ್ತೀನಿ."

"ತಲೆ ಕೆಟ್ಟಿದ್ಯಾ? ಇದೇನು ನಿಮ್ಮತ್ತೆ ಮನೆನಾ?"

"ಫ್ಯಾಕ್ಟರೀಲೇ ಮಕ್ಳ ರೂಮಿರ್ಬೇಕಂತಲ್ಲ ಸಾರ್. ಎಲ್ಲದೆ ಅದು?"

"ಇದೆ ಅದು. ಬಟನ್ ಮೂಟೆ ಇಟ್ಟಿದೀವಿ."

"ಮೂಟೆ ಎತ್ತಿ ಈಚೆಗಾಕಕ್ಕೆ ನಾನೊಬ್ಳೇ ಸಾಲ್ದಿದ್ರೆ ಲೈನಲ್ಲಿರ ಅಮ್ಮಂದ್ರೆಲ್ಲ ಬತ್ತಾರೆ. ನಮ್ಮವ್ವ ಈರುಳ್ಳಿ ಮೂಟೆನೇ ಎತ್ತವ್ಳು."

ಫೋನು ಕಟ್ಟಾಯಿತು. ಕೆಲಸ ಹೋಯಿತೋ ಉಳಿಯಿತೋ ಅವಳಿಗೆ ತಿಳಿಯಲಿಲ್ಲ.

"ಐದು ಗಂಟೆಗೆ ಉಳಿದ ತಾಯಂದಿರು ಬರ್ತಾರೆ," ಎಂದಳು ಕಾವ್ಯಶ್ರೀ, ಹಾಳೆಯಿಂದ ತಲೆಯೆತ್ತದೆ. "ನಾನು ಬೈದ ಹಾಗೇ ನಿಮಗೆ ಅವರೂ ಬೈತಾರೆ."

"ಬಯ್ಲಿ," ಎಂದು ಸುಧಾಮಣಿ ಎದ್ದಳು. "ಅದ್ಕೂ ಮುಂಚೆ ಎಲ್ರಿಗೂ ಫೋನ್ ಮಾಡಿ, ಈಗ್ಲೇ ಬಂದು ಮಕ್ಳ್ನ ಡಾಕ್ಟ್ರಿಗೆ ತೋರಿಸ್ಲಿ. ನಂಬರ್ ನಿಮ್ಮತ್ರ ಇರ್ತದಲ್ಲ."