ಬದುಕಿರುವಾಗಲೇ ಬರುವ ಹಣ

ಮೇಸ್ತ್ರಿ ಕೆಮ್ಮಿದರೆ ಓಣಿಯಲ್ಲಿ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಕಲ್ಲು ಕೊಯ್ಯುವವರ ಓಣಿಯಲ್ಲಿ ಕೆಮ್ಮಿಲ್ಲದವರು ಯಾರು? ಆದರೆ ಅವನ ಹೆಂಡತಿ ಗಮನಿಸುತ್ತಿದ್ದಳು. ಹೋದ ವರ್ಷ ತನ್ನ ಕಲ್ಲಿನ ಶೆಡ್ಡಿನಿಂದ ಮನೆಗೆ ಸರಸರ ನಡೆದು ಬರುತ್ತಿದ್ದವನು ಈಗ ದಾರಿಯಲ್ಲಿ ಎರಡು ಕಡೆ ಕೂರುತ್ತಾನೆ. ಅವಳ ತಮ್ಮನೂ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ನೀರು ಹಾಕಿ ಕೊಯ್ದರೆ ಧೂಳು ಅಷ್ಟಾಗಿ ಏಳುವುದಿಲ್ಲ ನಿಜ, ಆದರೆ ಅಳತೆಗೆ ಎಳೆದ ಗುರುತಿನ ಗೆರೆ ಅಳಿಸುತ್ತದೆಂದು ಇಬ್ಬರೂ ಒಣ ಕಲ್ಲನ್ನೇ ಕೊಯ್ಯುತ್ತಿದ್ದರು.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಅರ್ಜಿ ಹಿಡಿದು ಮನೆಗೆ ಬಂದಳು. "ಧೂಳು ಹೀರೋ ಯಂತ್ರಕ್ಕೆ ಸರ್ಕಾರ ಸಹಾಯಧನ ಕೊಡ್ತಿದೆ. ಒಂದು ರುಜು ಹಾಕಿ."

ಹೆಂಡತಿಯ ಮುಖ ಕಪ್ಪಿಟ್ಟಿತು. "ಆ ಕಾಗದ ಆಚೆ ಇಡಿ. ನಮ್ಮ ಮನೆಯವರು ಇನ್ನೂ ಇದ್ದಾರೆ."

ಅವಳನ್ನು ಬೈದು ಫಲವಿಲ್ಲ. ಆ ಓಣಿಗೆ ಸರ್ಕಾರದ ದುಡ್ಡು ಬಂದದ್ದೆಲ್ಲ ಸಾವಿನ ಬೆನ್ನಿಗೇ. ಎದುರುಮನೆಗೆ ಬಂತು, ಮೂಲೆಮನೆಗೆ ಬಂತು. ಎರಡೂ ಮನೆಯಲ್ಲಿ ಈಗ ಗಂಡಸರಿಲ್ಲ. ಹಾಗಾಗಿ ಅಂಥ ಅರ್ಜಿ ಹೊಸಿಲು ದಾಟಿದರೆ ಕೇಡು ಎಂದೇ ಅಲ್ಲಿನವರ ನಂಬಿಕೆ. ಹೋದ ವರ್ಷ ಇದೇ ಅರ್ಜಿಯನ್ನು ಅವಳು ಒಲೆಗೆ ಹಾಕಿದ್ದಳು.

"ಎದುರುಮನೆಗೆ ಬಂದದ್ದು ಪರಿಹಾರ, ಅಮ್ಮ," ಎಂದಳು ನರ್ಸಮ್ಮ. "ಅದು ನಷ್ಟ ಆದ್ಮೇಲೆ ಕೊಡೋದು. ಸಹಾಯಧನ ಹಾಗಲ್ಲ. ಕೆಲಸಕ್ಕೆ ಬೇಕಾದ್ದನ್ನ ಕೊಳ್ಳುವಾಗ ಬೆಲೆಯಲ್ಲಿ ಒಂದು ಪಾಲು ಸರ್ಕಾರ ಹೊರುತ್ತೆ. ಉಳಿದ ಪಾಲು ನಿಮ್ಮದು."

ಬಾಗಿಲ ಬಳಿ ಕೂತಿದ್ದ ತಮ್ಮ ನಕ್ಕ. "ಇವತ್ತು ಕೊಟ್ಟು ನಾಳೆ ಬಡ್ಡಿ ಸಮೇತ ಕೇಳ್ತಾರೆ."

"ತೀರಿಸಬೇಕಾದ್ದು ಸಾಲಪ್ಪ. ಸಹಾಯಧನಾನ ಹೇಳಿದ ಕೆಲಸಕ್ಕೇ ಬಳಸಿದ್ರೆ ವಾಪಸ್ ಕೊಡಬೇಕಾಗಿಲ್ಲ. ಯಂತ್ರ ತಂದು ಮಾರಿಕೊಂಡ್ರೆ ಕೇಳ್ತಾರೆ. ಇನ್ನೊಂದು ಮಾತು. ಮೊದಲು ಅರ್ಜಿ, ಮಂಜೂರಾತಿ ಪತ್ರ ಬಂದ್ಮೇಲೆ ಖರೀದಿ. ಮೊದಲೇ ಕೊಂಡು ರಸೀದಿ ಹಿಡ್ಕೊಂಡು ಹೋದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಮೂಲೆಯಲ್ಲಿ ಗೋಡೆಗೊರಗಿದ್ದ ಮೇಸ್ತ್ರಿ ಬಾಯಿ ಬಿಟ್ಟ. "ಭಿಕ್ಷೆ ನಂಗೆ ಬೇಡ."

"ಭಿಕ್ಷೆ ಹೇಗಾಗುತ್ತೆ ಅಣ್ಣ? ನೀವು ಕೊಳ್ಳೋ ಸೋಪಿನ ಮೇಲೂ ತೆರಿಗೆ ಕಟ್ತೀರಿ. ಅಂಥ ದುಡ್ಡೇ ಇದು."

ಹೆಂಡತಿ ಸ್ವಲ್ಪ ಮೆತ್ತಗಾದಳು. "ಯಂತ್ರ ಬಂದ್ರೆ ಇವರ ಕೆಮ್ಮು ಹೋಗುತ್ತಾ?"

ನರ್ಸಮ್ಮ ಸುಳ್ಳು ಹೇಳಲಿಲ್ಲ. "ಎದೆಯೊಳಗೆ ಕೂತ ಕಲ್ಲಿನ ಧೂಳು ಹೊರಗೆ ಬರೋದಿಲ್ಲಮ್ಮ. ಅಣ್ಣ ಇನ್ನು ಶೆಡ್ಡಿಗೆ ಹೋಗಬಾರದು, ದೊಡ್ಡ ಆಸ್ಪತ್ರೆಗೆ ತೋರಿಸಬೇಕು. ನಿಮ್ಮ ತಮ್ಮನ ಎದೆ ಇನ್ನೂ ಚೆನ್ನಾಗಿದೆ. ಯಂತ್ರ ಅದನ್ನ ಕಾಪಾಡೋಕೆ."

ಅವಳು ಒಲೆಯ ಕಡೆ ನೋಡಿದಳು. ತಾನು ಒಲೆಗೆ ಹಾಕಿದ್ದು ಗಂಡನ ಒಂದು ವರ್ಷವನ್ನು. ಅದನ್ನು ಯಾರ ಕಾಲು ಹಿಡಿದು ವಾಪಸ್ ಕೇಳುವುದು?

ಮೇಸ್ತ್ರಿ ಅವಳನ್ನು ಬೈಯಲಿಲ್ಲ. ಪೆನ್ನಿಗೆ ಕೈ ಚಾಚಿದ. "ಶೆಡ್ಡು ನನ್ನ ಹೆಸರಲ್ಲಿದೆ, ನಾನೇ ಹಾಕ್ತೀನಿ. ನಾಳೆ ಪರಿಹಾರದ ಕಾಗದಕ್ಕೆ ನೀನು ಹಾಕೋದು ಇದ್ದೇ ಇದೆ." ಆಮೇಲೆ ಭಾವಮೈದುನನ ಕಡೆ ತಿರುಗಿದ. "ಯಂತ್ರ ಬರೋವರೆಗೆ ನೀರು ಹಾಕೇ ಕೊಯ್ಯಿ. ಗೆರೆ ಅಳಿಸಿದ್ರೆ ಇನ್ನೊಂದು ಸಲ ಎಳಿ." ತಮ್ಮ ತಲೆಯಾಡಿಸಿದ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಕ್ಕ, ಅಣ್ಣ, ನಿಮ್ಮ ಕೆಲಸಕ್ಕೂ ಇಂಥ ಸಹಾಯಧನ ಇರಬಹುದು. ಯಾವುದಕ್ಕೆ, ಎಷ್ಟು ಪಾಲು, ಷರತ್ತೇನು, ಕೊನೆಯ ದಿನ ಯಾವಾಗ ಎಂದು ಕಚೇರಿಗೆ ಹೋಗಿ ಕೇಳಿ. ಕೇಳಲು ನಾಚಿಕೆ ಬೇಡ. ಮೇಸ್ತ್ರಿಯ ಮನೆಯವರು ಒಂದು ವರ್ಷ ತಡಮಾಡಿದರು. ನೀವು ಈ ವಾರವೇ ಹೋಗಿ.