ವೈದ್ಯರ ನಾಲಿಗೆ

ಮಳೆ ನಿಂತು ಭಾದ್ರಪದದ ಬಿಸಿಲು ಚುರುಗುಟ್ಟತೊಡಗಿತೆಂದರೆ ಭಾವನಗರದ ಆ ಓಣಿಯಲ್ಲಿ ದಲಪತರಾಮ ವೈದ್ಯರ ಮಾತೇ ಕಾನೂನು. ಶರದೃತು ಮುಗಿಯುವ ತನಕ ಮೊಸರು ಕೂಡದು, ಕರಿದದ್ದು ಕೂಡದು, ಖಾರವಂತೂ ಹತ್ತಿರ ಸುಳಿಯಕೂಡದು. ಹಗಲು ನಿದ್ದೆ ಬೇಡ. ಹೆಸರುಬೇಳೆ, ಪಡವಲ, ಹಾಲನ್ನ ಸಾಕು. ಬೆಳಿಗ್ಗೆ ಓಣಿಯವರೆಲ್ಲ ಅವರ ಜಗಲಿಗೆ ಬಂದು, ಮೂಗು ಹಿಡಿದು ನೆಲಬೇವಿನ ಕಹಿನೀರು ಕುಡಿಯುತ್ತಿದ್ದರು. ಪಿತ್ತ ಇಳಿಯಬೇಕಲ್ಲ!

ಹೀಗಿರುವಾಗ ಒಂದು ಮಧ್ಯಾಹ್ನ ವೈದ್ಯರ ಸೊಸೆ ರೇವಾ ಪೇಟೆಯಿಂದ ಬರುತ್ತ, ಗಾಂಠಿಯಾ ಎಂಬ ಕಡಲೆಹಿಟ್ಟಿನ ಕರಿದ ತಿಂಡಿ ಮಾರುವ ಅಂಗಡಿಯ ಮುಂದೆ ಗಕ್ಕನೆ ನಿಂತಳು. ಒಳಗೆ ಬೆಂಚಿನ ಮೇಲೆ ಮಾವ ಕೂತಿದ್ದರು. ಮುಂದೆ ಕರಿದ ಹಸಿಮೆಣಸಿನಕಾಯಿ. ಒಂದನ್ನು ತೊಟ್ಟಿನ ತನಕ ಕಚ್ಚಿ, ಸೌತೆಕಾಯಿ ತಿಂದ ಹಾಗೆ ಅಗಿಯುತ್ತಿದ್ದರು.

"ಬಾಪುಜೀ!" ಅವಳ ಕೈಚೀಲ ಜಾರಿ ನೆಲಕ್ಕೆ ಬಿತ್ತು. "ಏನಿದು? ಊರಿಗೆಲ್ಲ ಪಥ್ಯ, ನಿಮಗೆ ಮೆಣಸಿನಕಾಯಾ?"

ಮುದುಕರು ಬೆಚ್ಚಲಿಲ್ಲ. ಇನ್ನೊಂದನ್ನು ಅವಳತ್ತ ಚಾಚಿದರು. "ಖಾರ ಇದೆಯಾ, ನೋಡಿ ಹೇಳಮ್ಮ."

ತುದಿ ಕಚ್ಚಿದಳೋ ಇಲ್ಲವೋ, ಬಾಯಿಗೆ ಬೆಂಕಿ ಬಿತ್ತು. ಕಣ್ಣಲ್ಲಿ ನೀರು ಧಾರಾಕಾರ. ಅವರ ಹಣೆಯ ಮೇಲೆ ಒಂದು ಹನಿ ಬೆವರೂ ಇರಲಿಲ್ಲ.

"ಇದು ನಾಲ್ಕನೇದು," ಎಂದರು. "ನನಗೆ ಹುಲ್ಲು ತಿಂದ ಹಾಗಿದೆ. ಕಹಿ, ಸಿಹಿ ಒಂದೂ ಗೊತ್ತಾಗ್ತಿಲ್ಲ. ಇವತ್ತಿಗೆ ಹನ್ನೆರಡು ದಿನ."

ರೇವಾಳಿಗೆ ಜಗಲಿಯ ಕಹಿನೀರು ನೆನಪಾಯಿತು. ಒಂದು ಕಟ್ಟು ನೆಲಬೇವಿನ ಕಹಿ ಇನ್ನೊಂದು ಕಟ್ಟಿನದರ ಹಾಗಿರುವುದಿಲ್ಲ. ಮಾವ ದಿನಾ ಮೊದಲ ಗುಟುಕು ತಾವೇ ಸವಿದು, ಅದಕ್ಕೆ ತಕ್ಕಂತೆ ನೀರು ಬೆರೆಸುತ್ತಿದ್ದರು.

"ಹಾಗಾದ್ರೆ ಇಷ್ಟು ದಿನ?"

"ಸವಿದ ಹಾಗೆ ಮಾಡಿದೆ. ಅಂದಾಜಿಗೆ ಬೆರೆಸಿದೆ."

"ಪಕ್ಕದ ಮನೆ ಜೀವಕೋರಬೆನ್ ಮೂರು ದಿನ ವಾಂತಿ ಮಾಡ್ಕೊಂಡ್ರಲ್ಲ! ಪಿತ್ತ ಹೊರಗೆ ಬರ್ತಿದೆ, ಒಳ್ಳೇದೇ ಅಂದ್ರಲ್ಲ ನೀವು!"

ಅವರು ತಲೆ ತಗ್ಗಿಸಿದರು. ಇಪ್ಪತ್ತು ವರ್ಷಗಳಲ್ಲಿ ಆ ತಲೆ ತಗ್ಗಿದ್ದನ್ನು ಅವಳು ಕಂಡಿರಲಿಲ್ಲ. ಸಿಟ್ಟು ಇಳಿದಿರಲಿಲ್ಲ. ಆದರೂ ಅವರ ಕೈ ಹಿಡಿದು ಎಬ್ಬಿಸಿದಳು.

ಜೀವಕೋರ್ ಇನ್ನೂ ಮಂಚ ಬಿಟ್ಟಿರಲಿಲ್ಲ. ವೈದ್ಯರು ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದರು. ಆಕೆ ಎದ್ದು ಕೂತಳು. "ಕುರುಡನ ಕೈಗೆ ಗಾಡಿ ಕೊಟ್ಟಿದ್ವೇನಯ್ಯಾ ನಾವು? ಬಾಯಿ ಬಿಟ್ಟು ಹೇಳೋಕೇನಾಗಿತ್ತು ದೊಡ್ಡರೋಗ?" ಎಂದಳು.

"ಹೆದರಿಕೆ, ಜೀವಕೋರಬೆನ್. ನಾಲಿಗೆ ಹೋದ ವೈದ್ಯನ ಮನೆಗೆ ಯಾರು ಬರ್ತಾರೆ?"

ಜೀವಕೋರ್ ಕ್ಷಮಿಸಿದೆ ಎನ್ನಲಿಲ್ಲ. ರೇವಾಳ ಕಡೆ ತಿರುಗಿ, "ಇವರನ್ನ ದೊಡ್ಡಾಸ್ಪತ್ರೆಗೆ ತೋರಿಸು ಮೊದಲು," ಎಂದಳಷ್ಟೆ.

ಮರುದಿನ ಜಗಲಿಯಲ್ಲಿ ವೈದ್ಯರು ಎಲ್ಲರೆದುರು ನಿಜ ಹೇಳಿದರು. ಅರ್ಧದಷ್ಟು ಜನ ಬೈದುಕೊಂಡು ಹೊರಟುಹೋದರು. ಉಳಿದವರ ಮುಂದೆ ರೇವಾ ಕಹಿನೀರಿನ ಮೊದಲ ಗುಟುಕು ಕುಡಿದಳು. ಕಿವಿಯವರೆಗೆ ಕಹಿ ಏರಿತು.

"ಇನ್ನೂ ಎರಡು ಚೊಂಬು ನೀರು ಬೇಕು," ಎಂದಳು.

ಮಾವ ಚೊಂಬು ಹಿಡಿದು ಬಾವಿಯ ಕಡೆ ನಡೆದರು.